ಪರದೆ ಸರಿಮಾಡಿದ್ದು

ಹೆಂಡತಿ ಯಮೀನಾ ತೀರಿಕೊಂಡ ಮೇಲೆ ಹಾಜ್ ಹಮ್ಮೂ ಅವರು ಬಟ್ಟೆ ಅಂಗಡಿಯನ್ನು ತಮ್ಮನ ಮಕ್ಕಳಿಗೆ ಬಿಟ್ಟುಕೊಟ್ಟು, ಅಲ್ಲಿದ್ದ ಕಂಪ್ಯೂಟರನ್ನು ಮಾತ್ರ ಮನೆಗೆ ತಂದುಕೊಂಡರು. ಹಳೆಯ ಲೆಕ್ಕ ನೋಡುವುದಿದೆ ಎಂದು ಹೇಳಿದರು. ನೋಡುವ ಲೆಕ್ಕ ಏನೂ ಉಳಿದಿರಲಿಲ್ಲ. ಅದನ್ನು ಹಚ್ಚಿದರೆ ಪರದೆಯ ತುಂಬ ಯಮೀನಾಳ ಮುಖ ಬರುತ್ತಿತ್ತು, ಅಷ್ಟೇ.

ಮರುಭೂಮಿಯ ಕಣಿವೆಯಲ್ಲಿರುವ ನಮ್ಮ ಊರು ಬೆನಿ ಇಸ್ಗನ್‌ನಲ್ಲಿ ಮದುವೆಯಾದ ಹೆಂಗಸು ಬೀದಿಗೆ ಬಂದರೆ ಬಿಳಿಯ ಹೊದಿಕೆಯ ನಡುವಿನಿಂದ ಒಂದು ಕಣ್ಣು ಮಾತ್ರ ಕಾಣುತ್ತದೆ. ಯಮೀನಾ ಬದುಕಿರುವಷ್ಟು ಕಾಲವೂ ಹಾಗೇ ನಡೆದವಳು. ಮಗಳು ವರ್ದಾಳ ಕೂಸಿಗೆ ಹೆಸರಿಟ್ಟ ದಿನ, ಮಹಡಿಯ ಮೇಲೆ ಹೆಂಗಸರ ನಡುವೆ ಕುಳಿತು ನಗುತ್ತಿದ್ದಾಗ ತಲೆಯ ಮೇಲಿನ ಬಟ್ಟೆ ಜಾರಿತ್ತು. ಆಗಲೇ ವರ್ದಾ ಫೋಟೋ ತೆಗೆದಳು. ಯಮೀನಾ ಬೈಯಲಿಲ್ಲ. ನಿನ್ನ ಅಪ್ಪ ನೋಡಲಿ, ಹೊರಗಿನ ಗಂಡಸಿನ ಕಣ್ಣು ಮಾತ್ರ ಇದರ ಮೇಲೆ ಬೀಳಕೂಡದು ಎಂದಳು. ತಾಯಿಯನ್ನು ಮಣ್ಣು ಮಾಡಿದ ಮೇಲೆ ವರ್ದಾ ಆ ಫೋಟೋವನ್ನು ತಂದೆಯ ಕಂಪ್ಯೂಟರಿನ ಪರದೆಗೆ ಹಿನ್ನೆಲೆಯಾಗಿ ಹಾಕಿಕೊಟ್ಟಳು. ಅಮ್ಮನ ಮಾತನ್ನು ಇನ್ನು ನೀವು ಕಾಯಬೇಕು ಎಂದು ಹೇಳಿಯೇ ಕೊಟ್ಟಳು. ಹಾಜ್ ತಲೆಯಾಡಿಸಿದರು. ಅವರು ಕೊಟ್ಟ ಮಾತು ತಪ್ಪುವವರಲ್ಲ ಎಂದು ಪೇಟೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಬೇಸಿಗೆಯ ದೂಳಿಗೆ ಹಳೆಯ ಪರದೆ ಕೆಟ್ಟಿತು. ವರ್ದಾಳ ಗಂಡ ರಾಜಧಾನಿಯಿಂದ ಹೊಸದೊಂದನ್ನು ತರಿಸಿ, ಪೆಟ್ಟಿಗೆಯನ್ನು ಹೊಸಿಲ ಒಳಗಿಟ್ಟು ಹೋದ. ಅದು ಅಗಲವಾದ ಪರದೆ. ಹಾಜ್ ತಾವೇ ತಂತಿ ಜೋಡಿಸಿ ಹಚ್ಚಿದರು. ಯಮೀನಾ ಬಂದಳು, ಆದರೆ ಅವಳಾಗಿ ಬರಲಿಲ್ಲ. ಲಟ್ಟಿಸಿದ ಹಿಟ್ಟಿನ ಹಾಗೆ ಕೆನ್ನೆಗಳು ಎರಡೂ ಬದಿಗೆ ಹರಡಿದ್ದವು. ತೆಳ್ಳಗಿನ ಮೂಗು ಅಡ್ಡಡ್ಡ ಬೆಳೆದಿತ್ತು. ನಗು ಯಾರದೋ ಆಗಿತ್ತು. ಹಾಜ್ ಮೂರು ದಿನ ಅದನ್ನು ಸಹಿಸಿಕೊಂಡರು. ಆಮೇಲೆ, ಕಣ್ಣು ಮುಚ್ಚಿದರೂ ಆ ಅಗಲ ಮುಖವೇ ಬರತೊಡಗಿದಾಗ ಅವರಿಗೆ ಭಯವಾಯಿತು. ನಿಜವಾದ ಮುಖವನ್ನು ಇದು ಅಳಿಸಿಬಿಟ್ಟೀತು ಎನಿಸಿತು.

ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಬಂದು, ಪೆಟ್ಟಿಗೆಯ ಮೇಲಿದ್ದ ಸಹಾಯವಾಣಿಗೆ ಫೋನು ಮಾಡಿದರು. ಸಂಗೀತ ಬಹಳ ಹೊತ್ತು ನುಡಿದ ಮೇಲೆ ನಸೀಮ್ ಎಂಬ ಹುಡುಗ ಸಿಕ್ಕಿದ. ರಾಜಧಾನಿಯವನು, ಚುರುಕು ನಾಲಿಗೆ. ಹಾಜ್ ತಮಗೆ ಬೇಕಾದದ್ದನ್ನು ಹೇಳಲಾರದೆ, ಚಿತ್ರ ಅಗಲವಾಗಿ ಕಾಣುತ್ತದೆ ಎಂದಷ್ಟೇ ಹೇಳಿದರು. ಯಾರ ಚಿತ್ರ ಎನ್ನಲಿಲ್ಲ. ಪರದೆಗೆ ಹೊಂದುವ ರೆಸಲ್ಯೂಶನ್, ಅಂದರೆ ಅಗಲ ಎತ್ತರದ ಅಳತೆ, ಆರಿಸಿಲ್ಲ, ಅದಕ್ಕೇ ಹೀಗೆ ಎಂದು ಹುಡುಗ ತಿಳಿಸಿ, ಪಟ್ಟಿ ತೆರೆಯುವ ದಾರಿ ಹೇಳಿಕೊಟ್ಟ. ಅದರಲ್ಲಿ ಈಗ ಗುರುತು ಬಿದ್ದಿರುವ ಅಂಕಿ ಓದಿ ಎಂದ.

ಹಾಜ್ ಕನ್ನಡಕ ಸರಿಪಡಿಸಿಕೊಂಡು ಓದಿದರು. ಬದುಕೆಲ್ಲ ಬಲದಿಂದ ಎಡಕ್ಕೆ ಓದಿದ ಕಣ್ಣು, ಗುಣಾಕಾರದ ಗುರುತಿನ ಬಲಗಡೆಯ ಅಂಕಿಯನ್ನು ಮೊದಲು ಓದಿ, ಎಡಗಡೆಯದನ್ನು ಆಮೇಲೆ ಓದಿತು. ಅಗಲ ಎತ್ತರವಾಯಿತು, ಎತ್ತರ ಅಗಲವಾಯಿತು.

"ಹಾಜ್, ನೀವು ಹೇಳೋದು ನೋಡಿದ್ರೆ ನಿಮ್ಮ ಪರದೆ ಮಿನಾರಿನ ಹಾಗೆ ಎದ್ದು ನಿಂತಿರಬೇಕು," ಎಂದ ನಸೀಮ್.

"ಇಲ್ಲಪ್ಪ, ಮಲಗಿಯೇ ಇದೆ."

"ಹಾಗಾದ್ರೆ ಒಳಗೆ ತಿರುಗಿಕೊಂಡಿದೆ. ಇನ್ನೊಂದು ಸಲ ತಿರುಗಿಸೋಣ."

ಅವನು ಹೇಳಿದಂತೆ ಹಾಜ್ ಒತ್ತಿದರು. ಪರದೆ ಒಮ್ಮೆ ಕಪ್ಪಾಗಿ ಮತ್ತೆ ಬೆಳಗಿತು. ಯಮೀನಾ ಪಕ್ಕಕ್ಕೆ ವಾಲಿ ಮಲಗಿದ್ದಳು. ಗೋರಿಯಲ್ಲಿ ಅವಳನ್ನು ಬಲಮಗ್ಗುಲಿಗೆ ತಿರುಗಿಸಿ ಮಲಗಿಸಿದವರು ಅವರೇ. ಆ ಕೈಗಳು ಈಗ ಮೌಸ್ ಹಿಡಿದಿದ್ದವು. ಬಾಣವನ್ನು ಮೇಲಕ್ಕೆ ತಳ್ಳಿದರೆ ಅದು ಬದಿಗೆ ಓಡುತ್ತಿತ್ತು. ಎಲ್ಲ ಪಕ್ಕಕ್ಕೆ ಬಿತ್ತು ಎಂದು ಹಾಜ್ ಫೋನಿಗೆ ಹೇಳಿದರು.

"ಗಾಬರಿ ಬೇಡ, ಹಾಜ್. ನಿಮ್ಮ ವಯಸ್ಸಿನವರ ಜೊತೆ ಫೋನಲ್ಲಿ ಇದನ್ನ ಮಾಡೋದು, ಕುರುಡನಿಗೆ ಸೂಜಿ ದಾರ ಕೊಟ್ಟ ಹಾಗೆ. ತಪ್ಪು ತಿಳೀಬೇಡಿ. ನಾನೇ ಇಲ್ಲಿಂದ್ಲೇ ನಿಮ್ಮ ಯಂತ್ರದ ಒಳಗೆ ಬರ್ತೀನಿ. ಅನುಮತಿ ಕೇಳಿ ಒಂದು ಚೌಕ ಬರುತ್ತೆ, ಹೂಂ ಅನ್ನಿ. ಖಾಸಗಿ ಏನಾದ್ರೂ ತೆರೆದಿಟ್ಟಿದ್ರೆ ಅದಕ್ಕೂ ಮೊದಲು ಮುಚ್ಚಿಬಿಡಿ."

ಒಳಗೆ ಬರುತ್ತೇನೆ ಎಂಬ ಮಾತು ಕಿವಿಗೆ ಬಿದ್ದೊಡನೆ ಹಾಜ್ ಕಲಿತದ್ದನ್ನು ಮಾಡಿದರು. ನಮ್ಮ ಮನೆಗಳ ಬಾಗಿಲು ಹಗಲೆಲ್ಲ ತೆರೆದಿದ್ದರೂ, ಒಳದಾರಿ ಗೋಡೆಗೆ ತಗುಲಿ ತಿರುಗುವುದರಿಂದ ಬೀದಿಯವನಿಗೆ ಒಳಗಿನದು ಕಾಣುವುದಿಲ್ಲ. ಬರುವ ಗಂಡಸು ಆ ತಿರುವಿನಲ್ಲಿ ನಿಂತು "ದಾರಿ, ದಾರಿ" ಎಂದು ಕೂಗುತ್ತಾನೆ. ಹೆಂಗಸರು ಮಹಡಿಗೆ ಹೋದ ಮೇಲೆಯೇ ಮನೆಯವನು ಅವನನ್ನು ಬರಮಾಡಿಕೊಳ್ಳುತ್ತಾನೆ. ವರ್ದಾ ಅಂದು ತಂದೆಗೆ ಅಡುಗೆ ಮಾಡಲು ಬಂದಿದ್ದಳು, ಅಂಗಳದಲ್ಲಿ ಕುಳಿತು ಕುಸ್‌ಕುಸ್‌ನ ರವೆ ಉಜ್ಜುತ್ತಿದ್ದಳು.

"ವರ್ದಾ, ಮೇಲೆ ಹೋಗು ಮಗಳೇ. ಗಂಡಸು ಬರ್ತಿದ್ದಾನೆ."

"ಎಲ್ಲಿಂದ, ಬಾಬಾ? ಅವನು ರಾಜಧಾನೀಲಿ ಕೂತಿದ್ದಾನೆ. ಬರೋಷ್ಟರಲ್ಲಿ ನನ್ನ ಮಗಳ ಮದುವೇನೂ ಮುಗಿದಿರುತ್ತೆ."

"ಒಳಗಿನದನ್ನ ಕಾಣೋ ಯಂತ್ರ ಅದು. ಹೋಗು ಅಂದ್ರೆ ಹೋಗು."

ಅವಳು ನಗುತ್ತಾ ರವೆಯ ತಟ್ಟೆ ಎತ್ತಿಕೊಂಡು ಮಹಡಿಯೇರಿದಳು. ಹಾಜ್ ಮೆಟ್ಟಿಲ ಬಾಗಿಲು ಎಳೆದರು. ಬಳಿಕ ಹುಡುಗ ಹೇಳಿದ್ದು ನೆನಪಾಗಿ, ತೆರೆದಿದ್ದ ಅಂಗಡಿಯ ಲೆಕ್ಕದ ಪುಟವನ್ನು ಮುಚ್ಚಿದರು. ಇನ್ನೇನೂ ತೆರೆದಿಲ್ಲ ಎಂದುಕೊಂಡರು. ಯಮೀನಾ ಅವರ ಪಾಲಿಗೆ ತೆರೆದಿಡುವ, ಮುಚ್ಚಿಡುವ ಪುಟವಾಗಿರಲಿಲ್ಲ. ಅವಳು ಅಲ್ಲಿ ಇದ್ದಳು, ಅಷ್ಟೇ. ಚೌಕ ಬಂತು. ಹಾಜ್ ಹೂಂ ಎಂದು ಒತ್ತಿದರು.

ಬಾಣ ತಾನಾಗಿ ಚಲಿಸಿತು. ಅವಳ ಹಣೆಯನ್ನು ದಾಟಿತು, ಕೆನ್ನೆಯ ಮೇಲೆ ಹಾದು ಕೆಳಗಿನ ಮೂಲೆಗೆ ಇಳಿಯಿತು. ಕಿಟಕಿಗಳು ತೆರೆದವು, ಮುಚ್ಚಿದವು. ಯಮೀನಾ ಎದ್ದು ನೆಟ್ಟಗೆ ಕುಳಿತಳು. ಮತ್ತೊಮ್ಮೆ ಕಪ್ಪಾಯಿತು. ಬೆಳಗಿದಾಗ ಕೆನ್ನೆಗಳು ತಮ್ಮ ಜಾಗಕ್ಕೆ ಬಂದಿದ್ದವು, ಮೂಗು ಮೂಗಾಗಿತ್ತು. ಹಾಜ್ ಅಲ್‌ಹಮ್ದುಲಿಲ್ಲಾಹ್ ಎನ್ನಲು ಬಾಯಿ ತೆರೆದರು.

"ಈಗ ನೋಡಿ, ಮಾಶಾ ಅಲ್ಲಾಹ್," ಎಂದ ನಸೀಮ್. "ಎಷ್ಟು ಚೆನ್ನಾಗಿ ನಗ್ತಿದ್ದಾರೆ ಅಜ್ಜಿ. ಕಿವಿ ಹತ್ತಿರ ಬಿಳಿ ಕೂದಲಿನ ಎಳೆ ಕೂಡ ಒಂದೊಂದೇ ಎಣಿಸಬಹುದು. ನಮ್ಮ ಅಜ್ಜಿಗೂ ಹೀಗೇ ಹಲ್ಲಿನ ಮಧ್ಯೆ ಸಂದಿ ಇತ್ತು."

ಆ ಹಲ್ಲಿನ ಸಂದಿಯನ್ನು ನೋಡಿದ ಗಂಡಸರಲ್ಲಿ ಅವಳ ತಂದೆ ಸತ್ತಿದ್ದರು, ಅಣ್ಣ ಸತ್ತಿದ್ದರು. ಉಳಿದವರು ತಾವೊಬ್ಬರೇ ಎಂದು ಹಾಜ್ ತಿಳಿದಿದ್ದರು. ಅವರು ಬಗ್ಗಿ, ಗೋಡೆಯಿಂದ ತಂತಿಯನ್ನು ಕಿತ್ತರು.

ಕೋಣೆ ಮಬ್ಬಾಯಿತು. ತಕ್ಷಣ ಫೋನು ಬಂತು. ಸಂಪರ್ಕ ತಪ್ಪಿತು, ಎಲ್ಲ ಸರಿಯಾಯಿತೇ, ಸಹಾಯದಿಂದ ತೃಪ್ತಿಯಾಗಿದ್ದರೆ ಕೊನೆಯಲ್ಲಿ ಐದು ಒತ್ತಿ ಎಂದು ಹುಡುಗ ಉತ್ಸಾಹದಿಂದ ಹೇಳಿದ. ಹಾಜ್ ತಾವು ಯಾವ ಊರಿನವರು ಎಂಬುದನ್ನು ಮಾತ್ರ ಹೇಳಿದರು. ನಮ್ಮ ಕಣಿವೆಯ ಹೆಂಗಸರ ವಿಷಯ ರಾಜಧಾನಿಯವರಿಗೂ ಗೊತ್ತು.

"ನನಗೆ ಹೊಳೀಲಿಲ್ಲ, ಹಾಜ್," ಎಂದ ನಸೀಮ್. ಅವನ ನಾಲಿಗೆಯ ಚುರುಕೆಲ್ಲ ಹೋಗಿತ್ತು. "ನನ್ನನ್ನ ಮಾಫ್ ಮಾಡಿ."

"ನೀನು ಬಾಗಿಲಲ್ಲಿ ನಿಂತು ಕೇಳಿದೆ ಮಗನೇ. ತೆರೆದವನು ನಾನು. ನೋಡಿದ್ದನ್ನ ಯಾರ ಹತ್ತಿರಾನೂ ಬಣ್ಣಿಸಬೇಡ."

"ದಿನಾ ಎಷ್ಟೋ ಪರದೆ ನೋಡ್ತೀನಿ. ಯಾವುದೂ ನೆನಪಿರಲ್ಲ. ಸಂಜೆಗೆ ಇದೂ ಮರೆತು ಹೋಗುತ್ತೆ."

ಹುಡುಗ ಸಮಾಧಾನಕ್ಕೆಂದೇ ಹೇಳಿದ್ದ. ಆದರೆ ಯಮೀನಾಳ ಮುಖ ಯಾರಿಗಾದರೂ ಸಂಜೆಯೊಳಗೆ ಮರೆತುಹೋಗುವಂಥದ್ದು ಎಂದು ಕೇಳಿ ಹಾಜ್ ಅವರಿಗೆ ಒಳಗೆ ಚುಚ್ಚಿತು. ಚುಚ್ಚಿತಲ್ಲ ಎಂದು ಮತ್ತೂ ನಾಚಿಕೆಯಾಯಿತು. ಯಾವುದನ್ನೂ ಒತ್ತದೆ ಫೋನಿಟ್ಟರು.

ಮಹಡಿಯಿಂದ ವರ್ದಾ, ಅತಿಥಿ ಹೋದನೇ, ಅವನಿಗೆ ಚಹಾ ಕೊಡಬೇಕೇ ಎಂದು ತಮಾಷೆಯಾಗಿ ಕೇಳಿದಳು. ಕೇಳುತ್ತಲೇ ಇಳಿದು ಬಂದಳು. ತಂದೆ ಕಪ್ಪು ಪರದೆಯ ಮುಂದೆ ಕುಳಿತಿದ್ದರು. ಸುಳ್ಳು ಹೇಳುವುದು ಸುಲಭವಿತ್ತು. ಹುಡುಗನಿಂದ ಆಗಲಿಲ್ಲ, ಯಂತ್ರ ಕೆಟ್ಟಿತು ಎಂದರೆ ಅವಳು ನಂಬುತ್ತಿದ್ದಳು. ಹಾಜ್ ನಡೆದದ್ದನ್ನು ನಡೆದ ಹಾಗೆಯೇ ಹೇಳಿದರು, ಹಲ್ಲಿನ ಸಂದಿಯ ಮಾತನ್ನೂ ಬಿಡಲಿಲ್ಲ.

ವರ್ದಾ ಕೈಗಂಟಿದ ರವೆಯನ್ನು ಉದುರಿಸಿಕೊಳ್ಳುತ್ತ ನಿಂತಳು. ಉದುರಿದ ಮೇಲೂ ಉಜ್ಜುತ್ತಲೇ ಇದ್ದಳು.

"ನನ್ನನ್ನ ಮೇಲೆ ಕಳಿಸಿದ್ರಿ ಬಾಬಾ," ಎಂದಳು. "ಅವಳನ್ನ ಯಾಕೆ ಕಳಿಸಲಿಲ್ಲ?"

ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಹಾಜ್ ತಲೆಯೆತ್ತಬಹುದಾಗಿತ್ತು. ಸಂಜೆಯ ಮಗ್ರಿಬ್ ಬಾಂಗು ಕೇಳಿದಾಗ ಅವರು ಎದ್ದು ನಮಾಜು ಮಾಡಿದರು. ಸುಜೂದಿನಲ್ಲಿ ಹಣೆಯನ್ನು ನೆಲಕ್ಕಿಟ್ಟವರು ಏಳಲು ತಡಮಾಡಿದರು. ದೇವರ ಬಳಿ ಕ್ಷಮೆ ಕೇಳಿದರು. ಆದರೆ ಇದು ದೇವರಿಗೆ ಮಾತ್ರ ಕೊಟ್ಟ ಮಾತಲ್ಲ, ಆ ಮಾತು ಆಡಿಹೋದ ಯಮೀನಾ ಕ್ಷಮಿಸಬೇಕು, ಅವಳು ಇಲ್ಲ.

ಸಲಾಂ ಹೇಳಿ ಮುಗಿಸಿ, ಚಾಪೆಯ ಮೇಲೆ ಕುಳಿತೇ ಮಗಳಿಗೆ ಹೇಳಿದರು.

"ಆ ಫೋಟೋನ ನಿನ್ನ ಹತ್ತಿರ ತಗೊಂಡು ಹೋಗು. ಇಲ್ಲಿ ಅಳಿಸಿಬಿಡು. ಹೆಂಗಸರ ಕಡೆಯೇ ಇರಲಿ. ನನಗೆ ಕಾಯೋಕೆ ಬರಲಿಲ್ಲ."

"ಸರಿಯಾಗಿದೆ ಅಂದ್ರಲ್ಲ, ಬಾಬಾ. ಒಂದು ಸಲ ನೋಡಿಬಿಡಿ. ಸರಿಯಾದ್ದನ್ನ ನೀವಿನ್ನೂ ನೋಡೇ ಇಲ್ಲ."

ಅದು ನಿಜ. ಹುಡುಗ ಮಾತಾಡುವ ಮೊದಲು ಅವರಿಗೆ ಸಿಕ್ಕಿದ್ದು ಒಂದು ಕ್ಷಣ ಮಾತ್ರ. ಹೊರಗಿನವನು ಅವರಿಗಿಂತ ಹೆಚ್ಚು ಹೊತ್ತು ನೋಡಿದ್ದ. ಹಾಜ್ ಬೇಡವೆಂದು ತಲೆಯಾಡಿಸಿದರು.

ವರ್ದಾ ತಂತಿಯನ್ನು ಗೋಡೆಗೆ ಸಿಕ್ಕಿಸಿ, ಯಂತ್ರ ಹಚ್ಚಿ, ಕುರ್ಚಿಯೆಳೆದು ಕುಳಿತಳು. ನಮ್ಮ ಓಣಿಗಳಲ್ಲಿ ಅಪರಿಚಿತ ಗಂಡಸು ಎದುರಾದರೆ ಹೆಂಗಸರು ಗೋಡೆಯ ಕಡೆ ತಿರುಗಿ ಅವನು ದಾಟುವವರೆಗೆ ನಿಲ್ಲುತ್ತಾರೆ. ಹಾಜ್ ಹಮ್ಮೂ ಅವರು ಚಾಪೆಯಿಂದ ಎದ್ದು, ಹಾಗೆಯೇ ಗೋಡೆಯ ಕಡೆ ತಿರುಗಿ ನಿಂತರು. ಸುಣ್ಣ ಬಳಿದ ಗೋಡೆಯ ಮೇಲೆ ಪರದೆಯ ಬೆಳಕು ಬಿತ್ತು. ಅವಳು ಬಂದಳೆಂದು ಅವರಿಗೆ ತಿಳಿಯಿತು. ಮಗಳು ಕೆಲಸ ಶುರುಮಾಡದೆ ಸುಮ್ಮನೆ ನೋಡುತ್ತಿದ್ದಾಳೆಂಬುದೂ ತಿಳಿಯಿತು. ಬೇಗ ಮುಗಿಸು ಎಂದು ಅವರು ಹೇಳಲಿಲ್ಲ, ತಿರುಗಿಯೂ ನೋಡಲಿಲ್ಲ. ಗೋಡೆಯ ಮೇಲಿನ ಬೆಳಕಿನ ಬಣ್ಣ ಬದಲಾಗಿ, ಆಯ್ತು ಬಾಬಾ ಎಂದು ವರ್ದಾ ಹೇಳುವವರೆಗೂ ಹಾಗೆಯೇ ನಿಂತಿದ್ದರು.