ಒಂದೇ ಪ್ಲಗ್ಗಿನ ಮನೆ

ಹಾಲಸ್ವಾಮಿ ಪಕ್ಕದ ಮನೆಯ ಗೋಡೆ ಮೇಲಿಂದ ವೈರು ಇಳಿಬಿಟ್ಟು, "ಹಿಡ್ಕಳ್ರೋ ಯಾರಾದ್ರೂ" ಎಂದು ಕೂಗುವಷ್ಟರಲ್ಲಿ ಯಶೋದಾ ತಾಯಿಯ ಹೆಣದ ಪಕ್ಕದಿಂದ ಎದ್ದು ಬಂದಳು. ವೈರಿನ ತುದಿ ಹಿಡಿದು ಗೋಡೆಯಾಚೆಗೇ ಎಸೆದಳು.

"ನಿಮ್ಮ ಕರೆಂಟು ಬ್ಯಾಡ, ಹಾಲಸ್ವಾಮಣ್ಣ."

ಅಂಗಳದಲ್ಲಿ ಹೆಂಗಸರ ಅಳು ಗಕ್ಕನೆ ನಿಂತಿತು. ಹೆಣ ಕೆಡದಂತೆ ಇಡುವ ತಂಪು ಪೆಟ್ಟಿಗೆಯನ್ನು ಟೆಂಪೋದಿಂದ ಇಳಿಸಿ ತಂದಿದ್ದ ಇಬ್ಬರು ಹೊಸ್ತಿಲಲ್ಲೇ ನಿಂತರು. ಪೆಟ್ಟಿಗೆಗೆ ಕರೆಂಟು ಬೇಕು. ಮನೆಯಲ್ಲಿ ಮಂಗಳವಾರದಿಂದ ಕರೆಂಟಿಲ್ಲ. ಇವತ್ತು ಶುಕ್ರವಾರ.

ಹಿರಿಯೂರಿನ ಏಪ್ರಿಲ್ ಬಿಸಿಲಿಗೆ ಬೆಳಗಿನ ಹತ್ತಕ್ಕೇ ಮಾಡಿನ ಶೀಟು ಕಾದಿತ್ತು. ಏಕನಾಥಮ್ಮ ಸತ್ತು ಐದು ಗಂಟೆಯಾಗಿತ್ತು. ಲಾರಿ ಓಡಿಸುವ ಮಗ ಓಬಳೇಶ್ ಸೊಲ್ಲಾಪುರದಲ್ಲಿ ಲೋಡು ಬಿಟ್ಟು ಬಸ್ಸು ಹಿಡಿದಿದ್ದ. ಸಂಜೆ ಐದಕ್ಕೆ ಮೊದಲು ಅವನು ಬರುವ ಮಾತೇ ಇಲ್ಲ. "ಅವ್ವನ ಮುಖ ನೋಡ್ದಂಗೆ ಮಣ್ಣು ಮಾಡಬ್ಯಾಡಕ್ಕ" ಎಂದು ಫೋನಿನಲ್ಲಿ ಅತ್ತಿದ್ದ.

"ಸಾವಿನ ಮನೆ ಕಣಮ್ಮ. ಇವತ್ತೊಂದಿನ ಯೂನಿಟ್ ಲೆಕ್ಕ ನೋಡ್ತಾರೇನು?" ಎಂದ ಹಾಲಸ್ವಾಮಿ.

"ಬುಧವಾರ ನೋಡಿದ್ರಲ್ಲ."

ಹಾಲಸ್ವಾಮಿ ವೈರು ಸುತ್ತತೊಡಗಿದ. ಅವನೇನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಬೈಯುವುದಾದರೂ ಸುಲಭವಿತ್ತು.

*

ಏಕನಾಥಮ್ಮ ಮೂವತ್ತು ವರ್ಷ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡಿದವಳು. ಕಾದ ಮರಳಲ್ಲಿ ಅಕ್ಕಿ ಅರಳುವುದನ್ನು ನೋಡುತ್ತ, ಹೊಟ್ಟಿನ ಹೊಗೆ ಕುಡಿಯುತ್ತ ಇಬ್ಬರು ಮಕ್ಕಳನ್ನು ಸಾಕಿದಳು. ಊರವರು ಮೆಣಸಿನಕಾಯಿ ಕಚ್ಚಿಕೊಂಡು ತಿಂದ ಮಂಡಕ್ಕಿಯ ಹೊಗೆಯೆಲ್ಲ ಅವಳ ಎದೆಗೂಡಿನಲ್ಲಿ ಉಳಿಯಿತು.

ಕರೆಂಟಿನ ವಿಷಯದಲ್ಲಿ ಅವಳು ಮಹಾ ಜಿಪುಣಿ. ಮನೆಗೊಂದೇ ಬಲ್ಬು, ಒಂದೇ ಪ್ಲಗ್ಗು. ಊಟ ಮುಗಿದರೆ ದೀಪ ಆರಿಸಿಬಿಡುವಳು. "ಕರೆಂಟು ದೇವ್ರ ಪ್ರಸಾದ ಇದ್ದಂಗೆ. ಕಣ್ಣಿಗೊತ್ತಿಕೊಳ್ಳೋವಷ್ಟು ಸಾಕು" ಅನ್ನುವಳು. ಸರ್ಕಾರ ಬಿಟ್ಟಿ ಕರೆಂಟು ಕೊಟ್ಟಾಗ, ಹಿಂದಿನ ವರ್ಷ ಯಾರು ಎಷ್ಟು ಉರಿಸಿದ್ದರೋ ಅದಕ್ಕಿಂತ ಚೂರು ಹೆಚ್ಚು ಉಚಿತ ಅಂದರು. ಫ್ರಿಜ್ಜು, ಟಿವಿ, ಗ್ರೈಂಡರು ಓಡಿಸಿದ್ದ ಹಾಲಸ್ವಾಮಿಗೆ ನೂರೆಂಬತ್ತು ಯೂನಿಟ್ ಸಿಕ್ಕಿತು. ಕತ್ತಲಲ್ಲಿ ಕೂತು ಉಳಿಸಿದ್ದ ಏಕನಾಥಮ್ಮನಿಗೆ ಮೂವತ್ತು ಚಿಲ್ಲರೆ. ಉಳಿಸಿದವಳಿಗೆ ಹೊಡೆತ, ಉರಿಸಿದವನಿಗೆ ಉಡುಗೊರೆ. ಇದನ್ನು ಯೋಚಿಸಿದ ಮಹಾನುಭಾವ ಯಾರೋ, ಅವನ ಮನೆಯಲ್ಲಿ ಎಷ್ಟು ಬಲ್ಬು ಉರಿಯುತ್ತವೋ!

ಆದರೂ ಅವಳಿಗೆ ಅಷ್ಟು ಸಾಕಾಗುತ್ತಿತ್ತು. ಉಸಿರು ಕೈಕೊಟ್ಟ ಮೇಲೆ ಸಾಕಾಗಲಿಲ್ಲ. ಗಾಳಿಯಿಂದ ಆಕ್ಸಿಜನ್ ತೆಗೆದು ಕೊಡುವ ಮಿಷಿನ್ನನ್ನು ಯಾರೋ ಪುಣ್ಯಾತ್ಮರು ಬಾಡಿಗೆಯಿಲ್ಲದೆ ಕೊಟ್ಟರು. ಅದಕ್ಕೆ ಕುಡಿಸುವ ಕರೆಂಟನ್ನು ಯಾರು ಕೊಡಬೇಕು? ತಿಂಗಳಿಗೆ ಇನ್ನೂರು ಯೂನಿಟ್ ದಾಟಿತು. ದಾಟಿದರೆ ಉಚಿತವೂ ಹೋಗಿ ಪೂರಾ ಬಿಲ್ಲು ಬರುತ್ತದೆ. ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವ ಯಶೋದಾ ಎರಡು ತಿಂಗಳು ಹೇಗೋ ಕಟ್ಟಿದಳು.

ಒಂದು ದಿನ ಅವಳು ಬೇಗ ಮನೆಗೆ ಬಂದಾಗ ಮಿಷಿನ್ನು ಸುಮ್ಮನಿತ್ತು. ತಾಯಿ ಹೊಸ್ತಿಲ ಮೇಲೆ ಕೂತು, ಬಾಯಿ ತೆರೆದು, ಬೀದಿಯ ಗಾಳಿಯನ್ನು ಗುಟುಕು ಗುಟುಕಾಗಿ ಎಳೆದುಕೊಳ್ಳುತ್ತಿದ್ದಳು.

"ಯಾಕವ್ವ ಆರ್ಸಿದೆ?"

"ಈಗ ತಾನೆ ಆರ್ಸಿದೆ ಕಣೆ. ಅದಕ್ಕೂ ದಣಿವಾಗಲ್ವಾ?"

ಮಗಳು ಶಾಲೆಗೆ ಹೋದೊಡನೆ ಆರಿಸಿ, ಬರುವ ಹೊತ್ತಿಗೆ ಹಾಕುತ್ತಿದ್ದಳಂತೆ. ಎಷ್ಟು ದಿನದಿಂದಲೋ! ಯಶೋದಾ ತಾಯಿಗೆ ಬಾಯಿಗೆ ಬಂದಂತೆ ಬೈದಳು. ಆಮೇಲೆ ಒಲೆ ಮುಂದೆ ಕೂತು ಅತ್ತಳು.

ಮೂರನೆಯ ಬಿಲ್ಲು ಉಳಿದುಹೋಯಿತು. ಮಂಗಳವಾರ ಲೈನ್‌ಮನ್ ಜಯಕುಮಾರ್ ಏಣಿ ತಂದ. ಯಶೋದಾ ಅವನನ್ನು ಒಳಗೆ ಕರೆದು ಮೂಗಿನಲ್ಲಿ ನಳಿಗೆಯಿಟ್ಟುಕೊಂಡು ಕೂತ ತಾಯಿಯನ್ನು ತೋರಿಸಿದಳು.

"ನನ್ ಕೈಲಿ ಏನೈತಕ್ಕ?" ಎಂದ ಅವನು ಆ ಕಡೆ ನೋಡದೆ. "ಪೂರ್ತಿ ಕಟ್ರಿ. ಮೇಲಿಂದ ಆರ್ಡರ್ ಬರ್ಬೇಕು. ಎರಡು ದಿವ್ಸ ಆಗ್ತೈತೆ."

ಹಾಲಸ್ವಾಮಿ ಅವತ್ತೇ ವೈರು ಕೊಟ್ಟ. ಬುಧವಾರ ಸಂಜೆ ತನ್ನ ಮೀಟರು ನೋಡಿ ಬಂದು, "ಇನ್ನೂರು ದಾಟಿದ್ರೆ ನಮಗೂ ಪೂರಾ ಬಿಲ್ ಬರ್ತೈತೆ, ತಪ್ಪು ತಿಳ್ಕಬ್ಯಾಡಮ್ಮ" ಎಂದು ತೆಗೆದುಕೊಂಡ. ಅದೇ ದಿನ, ಮಿಷಿನ್ನಿಗಾಗಿಯಾದರೂ ಲೈನ್ ಕೊಡಿ ಎಂದು ಯಶೋದಾ ಕೊಟ್ಟಿದ್ದ ಅರ್ಜಿಯನ್ನು ಕರೆಂಟ್ ಆಫೀಸಿನವರು ಡಾಕ್ಟರ ಸಹಿ ಇಲ್ಲವೆಂದು ವಾಪಸು ಮಾಡಿದ್ದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ. ಗುರುವಾರ ರಾತ್ರಿ ಆಸ್ಪತ್ರೆಗೆ ಹೋಗಾಣ ಎಂದರೆ ಏಕನಾಥಮ್ಮ, "ಬೆಳಕು ಹರೀಲಿ" ಎಂದಳು. ಬೆಳಕು ಹರಿಯುವ ಹೊತ್ತಿಗೆ ಅವಳಿರಲಿಲ್ಲ.

*

"ನಿನ್ ಸಿಟ್ಟು ನಂಗೆ ತಿಳೀತೈತೆ" ಎಂದಳು ಯಲ್ಲದಕೆರೆಯಿಂದ ಬಂದಿದ್ದ ಚಿಕ್ಕಮ್ಮ ಉಚ್ಚಂಗಮ್ಮ. "ಆದ್ರೆ ಹುಡುಗ ಅಷ್ಟು ದೂರದಿಂದ ಬರ್ತಾ ಅವ್ನೆ. ಅಕ್ಕನ ಮುಖ ಕಪ್ಪಿಟ್ಟ ಮ್ಯಾಲೆ ತೋರ್ಸ್ತೀಯೇನೆ ಅವ್ನಿಗೆ?"

ಯಶೋದಾ ತಾಯಿಯ ಮುಖ ನೋಡಿದಳು. ತುಟಿಯ ಸುತ್ತ ಆಗಲೇ ಬಣ್ಣ ಬದಲಾಗಿತ್ತು. ಒಂದು ನೊಣವನ್ನು ಸೆರಗಿನಿಂದ ಓಡಿಸಿದಳು.

"ಬದುಕಿರೋಳಿಗೆ ಕೊಡ್ದಿದ್ದನ್ನ ಹೆಣಕ್ಕೆ ಕೊಡ್ತಾರಲ್ಲ ಚಿಕ್ಕವ್ವ. ಹೆಣಕ್ಕೆ ಉಸಿರು ಬೇಕೇನು?"

"ಹೋಗ್ಲಿ ಬಿಡೆ. ತಮ್ಮನಿಗೋಸ್ಕರ ಹೂಂ ಅನ್ನು."

ಅವಳು ಹೂಂ ಅನ್ನಲು ಬಾಯಿ ತೆರೆಯುವಷ್ಟರಲ್ಲಿ ಬೀದಿಯಲ್ಲಿ ಬೈಕು ನಿಂತಿತು. ಜಯಕುಮಾರ್. ಹಿಂದೆಯೇ ಏಣಿ ಹೊತ್ತ ಇನ್ನೊಬ್ಬ.

"ಮೆಂಬರ್ ರಾಜಕುಮಾರ್ ಅವ್ರು ಹಾರ ತಗಂಡು ಬರ್ತಾ ಅವ್ರಂತೆ ಅಕ್ಕ. ನಮ್ಮ ಸಾಹೇಬ್ರಿಗೆ ಫೋನ್ ಮಾಡಿದ್ರು. ಪೆಟ್ಟಿಗೆಗೆ ಲೈನ್ ಕೊಟ್ಟು ಬಾ ಅಂದ್ರು."

"ಬಿಲ್ ಕಟ್ಟಿಲ್ವಲ್ಲಪ್ಪ ನಾನು."

"ಆಮೇಲೆ ನೋಡಾಣ ಬಿಡಕ್ಕ."

"ಆರ್ಡರು? ಎರಡು ದಿವ್ಸ?"

ಜಯಕುಮಾರ್ ಕಂಬಕ್ಕೆ ಏಣಿ ಒರಗಿಸಿದ. ಅದೇ ಕಂಬ, ಅದೇ ಏಣಿ. ಯಶೋದಾ ಅಂಗಳದಲ್ಲಿ ನಿಂತು ನೋಡಿದಳು. ಅವನು ಹತ್ತಿ, ತಂತಿ ಸಿಕ್ಕಿಸಿ, ಇಳಿಯಲು ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಒಂದು ಲೋಟ ಚಹಾದ ಕೆಲಸಕ್ಕೆ ತನ್ನ ಅವ್ವ ಮೂರು ದಿನ ಕಾದಳು!

"ಬಂತೇನ್ರಿ?" ಎಂದು ಜಯಕುಮಾರ್ ಕೆಳಗಿನಿಂದ ಕೂಗಿದ.

ಒಳಗಿನ ಮೂಲೆಯಲ್ಲಿ ಮಿಷಿನ್ನು ಪೀಂ ಎಂದು ಕೂಗಿಕೊಂಡಿತು. ಬುಧವಾರ ಹಾಲಸ್ವಾಮಿಯ ವೈರು ಹೋದ ಮೇಲೆ, ಕರೆಂಟು ಯಾವಾಗ ಬಂದರೂ ಬರಲೆಂದು ಯಶೋದಾ ಅದನ್ನು ಮನೆಯ ಪ್ಲಗ್ಗಿಗೇ ಸಿಕ್ಕಿಸಿಟ್ಟಿದ್ದಳು. ಮಿಷಿನ್ನು ಒಮ್ಮೆ ನಡುಗಿ, ಉಸ್ಸೆಂದು ದಮ್ಮೆಳೆದು, ಓಡತೊಡಗಿತು. ಹೆಣದ ಸುತ್ತ ಕೂತಿದ್ದ ಹೆಂಗಸರು ಹಿಂದೆ ಸರಿದರು.

"ಅಯ್ಯೋ ನಮ್ಮವ್ವ! ಅದನ್ನ ಆರಿಸ್ರೇ ಯಾರಾದ್ರೂ" ಎಂದು ಉಚ್ಚಂಗಮ್ಮ ಎದೆ ಬಡಿದುಕೊಂಡಳು.

"ಪ್ಲಗ್ ಇರೋದೊಂದೇ. ಅದನ್ನ ಕಿತ್ರೆ ನಮ್ಮದು ಹಾಕ್ಬೋದು" ಎಂದ ಪೆಟ್ಟಿಗೆಯವನು. ಯಾರೂ ಮುಂದೆ ಬರಲಿಲ್ಲ.

ಜಯಕುಮಾರ್ ಚಪ್ಪಲಿ ಬಿಟ್ಟು ಒಳಬಂದ. ಪೆಟ್ಟಿಗೆಯ ಪ್ಲಗ್ಗನ್ನು ಕೈಗೆ ತೆಗೆದುಕೊಂಡು ಗೋಡೆಯ ಬಳಿ ಕುಕ್ಕರಗಾಲಲ್ಲಿ ಕೂತು, ಮಿಷಿನ್ನಿನ ಪ್ಲಗ್ಗಿಗೆ ಕೈ ಚಾಚಿದ. ಹಿಂದೆಯೇ ಒಳಬಂದ ಯಶೋದಾ ಆ ಕೈಯ ಮಣಿಕಟ್ಟು ಹಿಡಿದಳು. ನೆಲದ ಮೇಲೆ ಬಿದ್ದಿದ್ದ ನಳಿಗೆಯನ್ನೆತ್ತಿ ಅವನ ಅಂಗೈಗೆ ಒತ್ತಿದಳು.

"ಗಾಳಿ ಬರ್ತೈತಾ?"

ಅವನು ಮೂಲೆಯ ಮಿಷಿನ್ನಿನ ಕಡೆ ನೋಡಿದ.

"ಬರ್ತೈತಾ ಇಲ್ವಾ, ಹೇಳು."

"ಬರ್ತೈತಕ್ಕ."

"ಮಂಗಳವಾರನೂ ಹಿಂಗೇ ಬರ್ತಿತ್ತು."

ಅವಳು ಮಣಿಕಟ್ಟು ಬಿಟ್ಟಳು. "ಈಗ ಕೀಳು. ನನ್ ತಮ್ಮ ಬರೋಗಂಟ ಅವ್ವ ಕೆಡಬಾರ್ದು. ಕೀಳಪ್ಪ, ಅವತ್ತು ಕಿತ್ತಂಗೆ ಕೀಳು."

ಹೊರಗೆ ಮೆಂಬರ ಕಾರಿನ ಹಾರ್ನು ಕೇಳಿಸಿತು. ಜಯಕುಮಾರನ ಒಂದು ಕೈಯಲ್ಲಿ ಪೆಟ್ಟಿಗೆಯ ಪ್ಲಗ್ಗಿತ್ತು. ಇನ್ನೊಂದು ಕೈ ಚಾಚಿದ್ದು ಚಾಚಿದಂತೆಯೇ ಇತ್ತು, ಅದರ ಅಂಗೈಗೆ ನಳಿಗೆಯ ಗಾಳಿ ಒಂದೇ ಸಮನೆ ಬಡಿಯುತ್ತಿತ್ತು.