ಹಲ್ಲಲ್ಲಿ ಹಿಡಿದ ಬೇರು

"ಬಾಯಿ ಇನ್ನೊಂಚೂರು ಅಗಲ ಮಾಡಿ. ಹಲ್ಲು ಕಾಣ್ತಾ ಇಲ್ಲ."

ವೆಲ್ಡಾ ಬಾಯಿ ಅಗಲ ಮಾಡಿದಳು. ವಿಲೋ ಗಿಡದ ಬೇರಿನ ತುದಿ ಅವಳ ಮುಂದಿನ ಹಲ್ಲುಗಳ ನಡುವೆ ಇತ್ತು, ಸೀಳುಗಳು ಎರಡು ಕೈಯಲ್ಲಿದ್ದವು. ಬುಟ್ಟಿಯ ಬೇರನ್ನು ಸೀಳುವುದೇ ಹೀಗೆ. ಹಲ್ಲು ಹಿಡಿಯಬೇಕು, ಕೈ ಎಳೆಯಬೇಕು, ಉಗುಳು ಅದನ್ನು ಮೆತ್ತಗೆ ಮಾಡಬೇಕು. ಜೊಲ್ಲು ಗಲ್ಲಕ್ಕಿಳಿಯಿತು. ಒರೆಸಿಕೊಳ್ಳಲು ಕೈ ಎತ್ತಿದರೆ ಕ್ಯಾಮೆರಾದ ಹಿಂದಿದ್ದ ಹೆಂಗಸು ತಡೆದಳು.

"ಬೇಡ, ಹಾಗೇ ಇರಲಿ. ಎಷ್ಟು ಸಹಜವಾಗಿದೆ."

ಆಕೆ ಮಿಸೆಸ್ ವಿಟ್‌ಲಾಕ್. ಗುಡ್ಡದ ಮೇಲೆ ಮರ ಬೆಳೆಸಿ ಕಡಿಯುವ ಕಂಪನಿಯವರ ದತ್ತಿ ಸಂಸ್ಥೆಯಿಂದ ಬಂದವಳು. ಮೂಲನಿವಾಸಿಗಳೇ ನಡೆಸುವ ಕಲಾಸಂಘಗಳಿಗೆ ಅನುದಾನ ಕೊಡಿಸುವುದು ಆಕೆಯ ಕೆಲಸ. ಕ್ಲಾಮತ್ ನದಿ ದಡದ ಈ ಹಳೇ ಪೆಟ್ರೋಲ್ ಬಂಕಿನಲ್ಲಿ ವೆಲ್ಡಾ ಹೆಣ್ಣುಮಕ್ಕಳಿಗೆ ಬುಟ್ಟಿ ಹೆಣೆಯಲು ಕಲಿಸುತ್ತಿದ್ದುದು ಅದೇ ದುಡ್ಡಿನಿಂದ. ಈ ಸಲ ಅದು ಬಾರದಿದ್ದರೆ ಕಟ್ಟಡದ ಯಜಮಾನ ಬೀಗ ಜಡಿಯುತ್ತಾನೆ. ಆ ದಡದಲ್ಲಿ ಹೆಣಿಗೆ ಕಲಿಸುವ ಮನೆ ಇನ್ನೊಂದಿರಲಿಲ್ಲ.

"ಈಗ ನಿಮ್ಮ ಅಕ್ಕನ ಬಗ್ಗೆ ಮಾತಾಡೋಣ" ಎಂದು ಮಿಸೆಸ್ ವಿಟ್‌ಲಾಕ್ ಸತ್ತವಳ ಹೆಸರು ಹಿಡಿದೇ ಹೇಳಿದಳು. ಒಮ್ಮೆಯಲ್ಲ, ಬಾಯಿಗೆ ರುಚಿ ಹತ್ತಿದವಳ ಹಾಗೆ ಮತ್ತೆ ಮತ್ತೆ ಹೇಳಿದಳು.

ವೆಲ್ಡಾಳ ಹಲ್ಲಿನಿಂದ ಬೇರು ಜಾರಿತು. ಅಕ್ಕ ಹೋದದ್ದು ಹಿಂದಿನ ಮಾಗಿಯಲ್ಲಿ, ಬಾಯಿ ಕ್ಯಾನ್ಸರಿನಿಂದ. ಸತ್ತವರ ಹೆಸರನ್ನು ಮನೆಯ ಕೂಸಿಗೆ ಇಡುವ ತನಕ ಆ ದಡದಲ್ಲಿ ಯಾರೂ ಬಾಯಲ್ಲಿ ಆಡುವುದಿಲ್ಲ. ಆಡಿದರೆ ಪರಲೋಕದ ದಾರಿ ಹಿಡಿದವರು ತಿರುಗಿ ನೋಡುತ್ತಾರೆ, ಹೋಗಲಾರದೆ ನಿಲ್ಲುತ್ತಾರೆ. ಈ ಹೆಂಗಸು ಫೋನಿನಲ್ಲಿ ಮೊದಲ ಸಲ ಆ ಹೆಸರು ಆಡಿದ ದಿನದಿಂದ ಕಿಟಕಿ ಪಕ್ಕದ ಅಕ್ಕನ ಖಾಲಿ ಕುರ್ಚಿಯಿಂದ ಬೇರು ಸೀಳುವ ಸದ್ದು ಬರುತ್ತಿತ್ತು. ಈಗಲೂ ಬಂತು. ಚಿರ್ ಎಂದು ಒಂದು ಎಳೆತ, ಆಮೇಲೆ ಉಗುಳು ನುಂಗಿದ ಸದ್ದು. ವೆಲ್ಡಾಳಿಗೆ ಭಯವಾಯಿತು, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು.

"ಅನುದಾನಕ್ಕೆ ಅವರ ಹೆಸರನ್ನೇ ಇಟ್ಟಿದ್ದೀವಿ" ಎಂದು ಮಿಸೆಸ್ ವಿಟ್‌ಲಾಕ್ ಕಾರಿನಿಂದ ಒಂದು ಹಲಗೆ ತಂದು ಗೋಡೆಗೆ ಒರಗಿಸಿದಳು. ಕೆಂಪು ಮರದ ಹಲಗೆ, ಹೊಳೆಯುವ ಅಕ್ಷರದಲ್ಲಿ ಅದೇ ಹೆಸರು. "ಅವರ ಮಗ ಒಪ್ಪಿಗೆ ಕೊಟ್ಟಿದ್ದಾರೆ."

ಅಕ್ಕನ ಮಗ ಡ್ಯಾರಿನ್ ಬಾಗಿಲ ಹತ್ತಿರ ನೆಲ ನೋಡುತ್ತ ನಿಂತಿದ್ದ. ಸಂಘದ ವ್ಯವಹಾರವೆಲ್ಲ ಅವನದೇ. ವೆಲ್ಡಾ ಅವನ ತೋಳು ಹಿಡಿದು ತುಕ್ಕು ತಿಂದ ಪಂಪಿನ ಹಿಂದಕ್ಕೆ ಎಳೆದೊಯ್ದಳು.

"ನಿಮ್ಮವ್ವನ್ ಹೆಸ್ರ ಮಾರ್ಕಂಡ್ಯೇನ್ಲಾ, ಬೇವರ್ಸಿ?"

"ಏನ್ ಮಾಡ್ಲಿ ಚಿಕ್ಕವ್ವ? ಹೆಸ್ರು ಕೊಟ್ರೆ ಮೂರ್ ವರ್ಸದ್ ದುಡ್ಡು ಅಂದ್ರು."

"ನಿನ್ ಕೂಸಿಗಂತ ಮಡಗಿದ್ ಹೆಸ್ರು ಕಣ್ಲಾ ಅದು."

"ಸತ್ತೋಳ್ಗೆ ಹೆಸ್ರ್ ಯಾಕೆ, ಬದ್ಕಿರೋರ್ಗೆ ಸೂರ್ ಬ್ಯಾಡ್ವಾ?" ಅವನು ತೋಳು ಬಿಡಿಸಿಕೊಂಡ. "ನೀನೊಂದ್ ಮಾತು ಉಪ್ಕಾರ ಆಯ್ತು ಅಂತ ಹೇಳವ್ವ. ಅಷ್ಟೇ. ಆಮ್ಯಾಕೆ ನಂಗೆ ಎಷ್ಟಾದ್ರೂ ಉಗಿ."

ವೆಲ್ಡಾ ಒಳಗೆ ಬಂದು ತನ್ನ ಜಾಗದಲ್ಲಿ ಕೂತಳು. ಮೇಜಿನ ಮೇಲೆ ಡ್ಯಾರಿನ್‌ನ ಕೂಸಿಗೆಂದು ಹೆಣೆಯುತ್ತಿದ್ದ ತೊಟ್ಟಿಲ ಬುಟ್ಟಿ ಅರ್ಧಕ್ಕೆ ನಿಂತಿತ್ತು. ಉಪಕಾರವಾಯಿತು ಎನ್ನುವ ಮಾತು ನಾಲಿಗೆಯ ತನಕ ಬಂದಿತ್ತು ಕೂಡ.

"ಅಕ್ಕ ನಿಮಗೆ ಹೇಗೆ ಕಲಿಸಿದರು ಅಂತ ಹೇಳಿ" ಎಂದಳು ಮಿಸೆಸ್ ವಿಟ್‌ಲಾಕ್. "ನಮ್ಮ ಧರ್ಮದರ್ಶಿಗಳಿಗೆ ಆ ಹಲ್ಲಿನ ಕೆಲಸ ಬಹಳ ಇಷ್ಟ."

"ಹೇಳ್ಕೊಟ್ರೆ ಬರೋದಲ್ಲ ಅದು, ತಾಯಿ. ಬಾಯಿಗ್ ಇಟ್ರೇನೇ ಬರೋದು." ವೆಲ್ಡಾ ನೀರಿನ ಬೋಗುಣಿಯಿಂದ ಒಂದು ಬೇರು ತೆಗೆದು ಕೊಟ್ಟಳು. "ಹಿಡೀರಿ."

ಮಿಸೆಸ್ ವಿಟ್‌ಲಾಕ್‌ಗೆ ಖುಷಿಯಾಯಿತು. ಕ್ಯಾಮೆರಾವನ್ನು ತನ್ನ ಕಡೆ ತಿರುಗಿಸಿಟ್ಟು, ಎದುರಿಗೆ ಕೂತು, ಬೇರನ್ನು ತುಟಿಯ ಹತ್ತಿರ ತಂದಳು. "ಇದನ್ನ ಎಲ್ಲಿಂದ ತರ್ತೀರಿ?"

"ನಿಮ್ ಗುಡ್ಡದ್ ಬುಡ್ದಾಗೆ ತೊರೆ ಐತಲ್ಲ, ಅಲ್ಲಿಂದ. ಮ್ಯಾಲೆ ನಿಮ್ಮೋರು ಹೆಲಿಕಾಪ್ಟರ್‌ನಾಗೆ ಕಳೆ ಔಸ್ದಿ ಹುಯ್ತಾರಲ್ಲ, ಅದ್ರ ಕೆಳ್ಗೇನೆ."

ಬೇರು ಅಲ್ಲೇ ನಿಂತಿತು.

"ತೊಳೆದಿದ್ದೀರಾ?"

"ಹೂಂ. ಅದೇ ತೊರೆ ನೀರಾಗೆ."

ಕ್ಯಾಮೆರಾದ ಕೆಂಪು ದೀಪ ಉರಿಯುತ್ತಲೇ ಇತ್ತು. ಮಿಸೆಸ್ ವಿಟ್‌ಲಾಕ್ ಬೇರನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. ಚೀಲದಿಂದ ಕಾಗದದ ಕರವಸ್ತ್ರ ತೆಗೆದು ಒಂದೊಂದೇ ಬೆರಳು ಒರೆಸಿಕೊಂಡಳು.

"ಸಂಸ್ಥೆ ಬೇರೆ, ಕಂಪನಿ ಬೇರೆ" ಎಂದಳು. "ಅದಲ್ಲದೆ ಔಷಧಿ ಪರೀಕ್ಷೆಯಾಗಿ ಪಾಸಾಗಿದೆ. ದಯವಿಟ್ಟು ಕಲೆಯಲ್ಲಿ ರಾಜಕೀಯ ತರಬೇಡಿ."

"ಪಾಸಾಗಿದ್ರೆ ಬಾಯಿಗ್ ಇಡಿ."

"ಚಿಕ್ಕವ್ವ, ಸಾಕು" ಎಂದ ಡ್ಯಾರಿನ್.

"ನೀ ಬಾಯ್ ಮುಚ್ಚಲಾ. ಬೆರ್ಳಿಗೆ ತಾಗಿದ್ಕೇ ಒರಸ್ಕಂಡ್ರು ಈಯಮ್ಮ. ನಿಮ್ಮವ್ವ ಜಲ್ಮೆಲ್ಲಾ ಅದ್ನೇ ನುಂಗವ್ಳೆ. ಡಾಕ್ಟ್ರು ಹೊಗೆಸೊಪ್ ಹಾಕ್ತಿದ್ಯಾ ಅಂತ ಕೇಳ್ದ, ಅವ್ಳಿಗೆ ಇಲ್ಲ ಅನ್ನಾಕೂ ನಾಲ್ಗೆ ಉಳ್ದಿರ್ಲಿಲ್ಲ."

ಮಿಸೆಸ್ ವಿಟ್‌ಲಾಕ್ ಕ್ಯಾಮೆರಾ ಮಡಚಿದಳು. "ಈ ಭಾಗ ನಮಗೆ ಬೇಕಾಗಲ್ಲ. ನಿರ್ಧಾರ ಧರ್ಮದರ್ಶಿಗಳಿಗೆ ಬಿಟ್ಟದ್ದು" ಎಂದು ಡ್ಯಾರಿನ್‌ಗೆ ಮಾತ್ರ ಹೇಳಿ ಹೊರಟಳು. ಹಲಗೆ ಗೋಡೆಗೆ ಒರಗಿಕೊಂಡೇ ಇತ್ತು, ಒರೆಸಿದ ಕಾಗದ ಮೇಜಿನ ಮೇಲೆ.

ಕಾರಿನ ಸದ್ದು ಸೇತುವೆ ದಾಟಿತು. ಆಮೇಲೆ ವೆಲ್ಡಾ ಹಲಗೆಯನ್ನು ಎತ್ತಿ, ಅಕ್ಷರ ಕಾಣದಂತೆ ಎದೆಗೆ ಅವುಚಿಕೊಂಡು, ಹಿತ್ತಲಿನ ಮೀನು ಹೊಗೆಯಾಡಿಸುವ ಗುಡಿಸಲ ಕಡೆ ನಡೆದಳು. ಆಲ್ಡರ್ ಕಟ್ಟಿಗೆಯ ಬೆಂಕಿ ಬೆಳಗ್ಗೆಯಿಂದ ಇತ್ತು. ಡ್ಯಾರಿನ್ ಓಡಿ ಬಂದು ಅಡ್ಡ ನಿಂತ.

"ಮನೆ ಹಾಳ್ ಮಾಡ್ಬ್ಯಾಡ. ನಾ ಫೋನ್ ಮಾಡಿ ಕಾಲಿಗ್ ಬೀಳ್ತೀನಿ. ಹಲ್ಗೆ ಇದ್ರೆ ಇನ್ನೂ ದಾರಿ ಐತೆ."

ವೆಲ್ಡಾ ಹಲಗೆಯನ್ನು ಅವನ ಕಡೆ ತಿರುಗಿಸಿದಳು. "ಓದ್ಲಾ. ನಿಮ್ಮವ್ವನ್ ಹೆಸ್ರ ಬಾಯ್ಬಿಟ್ಟು ಓದ್ಬಿಡು. ನಾನೇ ತಗಂಡೋಗಿ ಬಾಗ್ಲಿಗೆ ಮೊಳೆ ಹೊಡೀತೀನಿ."

ಅವನು ಬಾಯಿ ತೆರೆದ. ಕ್ಯಾಮೆರಾ ಎದುರು ವೆಲ್ಡಾ ತೆರೆದಿದ್ದಳಲ್ಲ, ಅಷ್ಟೇ ಅಗಲ. ಸ್ವರ ಹೊರಡಲಿಲ್ಲ. ಗುಡಿಸಲೊಳಗೆ ಮೀನಿನ ಕೊಬ್ಬು ಬೆಂಕಿಗೆ ತೊಟ್ಟಿಕ್ಕುತ್ತಿತ್ತು. ಕೊನೆಗೆ ಅವನು "ಥೂ" ಎಂದ. ಯಾರಿಗೆಂದು ಅವನಿಗೂ ಗೊತ್ತಿರಲಿಲ್ಲ. ದಾರಿ ಬಿಟ್ಟು, ಬೆನ್ನು ತಿರುಗಿಸಿ ನಿಂತ.

ವೆಲ್ಡಾ ಹಲಗೆಯನ್ನು ಬೆಂಕಿಗೆ ಹಾಕಿದಳು. ಅದೇ ಗುಡ್ಡದ ಮರ, ಚೆನ್ನಾಗಿ ಹತ್ತಿಕೊಂಡಿತು. ಸತ್ತವರ ವಸ್ತು ಸುಡುವಾಗ ನೋಡಬಾರದು. ವೆಲ್ಡಾ ಕೂಡ ತಿರುಗಿ ನಿಂತಳು. ಬಣ್ಣ ಸಿಡಿಯುವುದು ನಿಂತ ಮೇಲೆ ಒಳಗೆ ಬಂದು ಕಿವಿಗೊಟ್ಟಳು. ಕಿಟಕಿ ಪಕ್ಕದ ಕುರ್ಚಿಯಿಂದ ಏನೂ ಕೇಳಿಸಲಿಲ್ಲ. ಅಕ್ಕ ಹೋಗಿದ್ದಳು. ವೆಲ್ಡಾಳಿಗೆ ಅಳು ಬಂತು, ಅತ್ತಳು.

ಸಂಜೆ ಹೆಣ್ಣುಮಕ್ಕಳು ಬರುವ ಹೊತ್ತಾಗಿತ್ತು. ತೊಟ್ಟಿಲ ಬುಟ್ಟಿಯ ಅಂಚು ಕಟ್ಟುವುದು ಬಾಕಿ. ಹಲ್ಲು ಬರುವಾಗ ಕೂಸು ಮೊದಲು ಕಚ್ಚುವುದು ಆ ಅಂಚನ್ನೇ. ಮಿಸೆಸ್ ವಿಟ್‌ಲಾಕ್ ಇಟ್ಟು ಹೋದ ಬೇರು ಮೇಜಿನ ಮೇಲೆ ಒಣಗಿ ಬಿರುಸಾಗಿತ್ತು. ಬಾಯಲ್ಲಿ ನೆನೆಸದೆ ಅದು ಸೀಳುವುದಿಲ್ಲ. ವೆಲ್ಡಾ ಅದನ್ನು ಎತ್ತಿಕೊಂಡು ತುಟಿಯ ಹತ್ತಿರ ತಂದಳು. ಹೊರಗೆ ಹುಡುಗಿಯರ ನಗು ಕೇಳಿಸಿತು. ಬಾಗಿಲು ತೆರೆದು ಅವರು ಒಳಗೆ ಬಂದಾಗಲೂ ಅವಳು ಬೇರನ್ನು ಬಾಯಿಗೂ ಇಡದೆ, ಕೆಳಗೂ ಇಡದೆ, ತುಟಿಯ ಹತ್ತಿರ ಹಿಡಿದುಕೊಂಡೇ ಕೂತಿದ್ದಳು.