ಒಂದು ವಿಷಯದ ಅಂಕಪಟ್ಟಿ

ದುದ್ದದ ಬೈರಯ್ಯನ ಮಗ ದೇವರಾಜು ಹಾಸನದಲ್ಲಿ ಪಿ.ಯು.ಸಿ. ಓದಿದ ಕಾಲೇಜಿನಲ್ಲಿ ಜೀವಶಾಸ್ತ್ರ ಇರಲಿಲ್ಲ. ಉಳಿದದ್ದರಲ್ಲಿ ಮೊದಲ ದರ್ಜೆ ಬಂದರೂ ಅದೊಂದಿಲ್ಲದೆ ಡಾಕ್ಟರ್ ಓದಿಗೆ ಅರ್ಜಿ ಹಾಕುವಂತಿರಲಿಲ್ಲ. ಪ್ರಿನ್ಸಿಪಾಲರೇ ಒಂದು ದಾರಿ ಹೇಳಿದರು. ಹೊಳೆನರಸೀಪುರದಲ್ಲಿ ಹೊಸದಾಗಿ ತೆರೆದ ಕಾಲೇಜಿನಲ್ಲಿ ಒಂದು ವರ್ಷ ಆ ವಿಷಯ ಓದಿ ಬಂದರೆ, ಅಲ್ಲಿನ ಅಂಕಗಳನ್ನು ಇಲ್ಲಿನವಕ್ಕೆ ಸೇರಿಸಿಕೊಡುವುದು. ಅದು ಅರವತ್ತೈದನೇ ಇಸವಿ.

ಒಂದೇ ವಿಷಯಕ್ಕೆ ಸೇರಿದವನಿಗೆ ಹಾಸ್ಟೆಲ್ ಇರಲಿಲ್ಲ. ಅಕ್ಕ ಸಣ್ಣಕ್ಕ ಅಡಿಗೆ ಮಾಡಿಹಾಕಲು ಜೊತೆಗೆ ಹೊರಟಳು. ಅರಕಲಗೂಡಿನ ಕಡೆಯಿಂದ ಅವಳಿಗೊಂದು ಸಂಬಂಧ ಬಂದಿತ್ತು.

"ಒಂದ್ ವರ್ಸ ತಡೀರಿ ಅಂತ ಏಳಪ್ಪ. ಇವ್ನೊಬ್ನೇ ಅಲ್ಲಿದ್ರೆ ಒತ್ತೊತ್ಗೆ ಉಣ್ಣಕಿಲ್ಲ" ಎಂದಳು ಬೈರಯ್ಯನಿಗೆ.

ಯಾವ ಜನ ಎಂದು ಕೇಳಿದ ಮೇಲೆ ಮೂರು ಮನೆಯವರು ಕೋಣೆ ಖಾಲಿಯಿಲ್ಲವೆಂದರು. ಕೊನೆಗೆ ರೈಲ್ವೆ ಗೇಟಿನ ಪಕ್ಕ ಒಂದು ತಗಡಿನ ಕೋಣೆ ಸಿಕ್ಕಿತು. ಸಣ್ಣಕ್ಕ ಗದ್ದೆ ಕೂಲಿಗೆ ಹೋಗಿ ಬರುವಳು. ತಮ್ಮ ಕಪ್ಪೆ ಕೊಯ್ದು ಬಂದ ದಿನ ಕೈ ತೊಳೆಸಿಯೇ ಒಳಗೆ ಬಿಡುವಳು. ಆಮೇಲೆ ಕಪ್ಪೆಯ ಎದೆಯೊಳಗೆ ಏನೇನಿತ್ತೆಂದು ಕೇಳುತ್ತ ಕೂರುವಳು. ಮಾಗಿಯಲ್ಲಿ, ಅರಕಲಗೂಡಿನವರು ಬೇರೆ ಹೆಣ್ಣು ತಂದುಕೊಂಡರೆಂಬ ಸುದ್ದಿ ಬಂತು. ಅಂದು ಅವಳು ತಮ್ಮನಿಗೆ ಮುದ್ದೆ ಇಟ್ಟಳು, ತಾನು ಉಣ್ಣಲಿಲ್ಲ.

ದೇವರಾಜು ಆ ವಿಷಯದಲ್ಲಿ ಕಾಲೇಜಿಗೇ ಎರಡನೆಯವನಾಗಿ ಪಾಸಾದ. ಅಂಕಪಟ್ಟಿ ಹಿಡಿದು ಹಾಸನಕ್ಕೆ ಬಂದರೆ ಆ ಪ್ರಿನ್ಸಿಪಾಲರಿಗೆ ವರ್ಗವಾಗಿಹೋಗಿತ್ತು. ಗುಮಾಸ್ತ ರುದ್ರಯ್ಯ ರಿಜಿಸ್ಟರ್ ತಿರುವಿಹಾಕಿದ.

"ಈ ವರ್ಸ ನೀನು ನಮ್ ಪಟ್ಟೀಲೇ ಇಲ್ವಲ್ಲಪ್ಪ. ಸೇರ್ಸೋದೆಂಗೆ?"

"ಪ್ರಿನ್ಸಿಪಾಲ್ರು ಒಪ್ಕಂಡಿದ್ರು ಸಾ."

"ಬಾಯ್ಮಾತಲ್ವಾ ಅದು? ಕಾಗ್ದ ಎಲ್ಲೈತೆ?"

ಒಂದೇ ವಿಷಯ ಓದಿದವನಿಗೆ ಪೂರ್ತಿ ಸರ್ಟಿಫಿಕೇಟ್ ಕೊಡಲಾಗದೆಂದು ಹೊಳೆನರಸೀಪುರದವರೂ ಕೈಚೆಲ್ಲಿದರು. ದೇವರಾಜು ವಿಶ್ವವಿದ್ಯಾನಿಲಯಕ್ಕೆ ಬರೆದ. ಮತ್ತೆ ಬರೆದ. ಜುಲೈನಲ್ಲಿ ಅರ್ಜಿಯ ಗಡುವು ಮುಗಿಯಿತು.

ಉತ್ತರ ಬಂದದ್ದು ಅಕ್ಟೋಬರಿನಲ್ಲಿ. ದುದ್ದದ ಹೊಲದಲ್ಲಿ ಕಳೆ ಕೀಳುತ್ತಿದ್ದ ಸಣ್ಣಕ್ಕ ಮಣ್ಣುಗೈಯಲ್ಲೇ ಓಡಿಬಂದಳು.

"ಏನ್ ಬರ್ದವ್ರೆ ಲಾ?"

"ಮಾರ್ಕ್ಸು ಸೇರ್ಸಬೋದಂತೆ ಕಣಕ್ಕ. ಒಪ್ಕಂಡವ್ರೆ."

"ಅಂಗಾದ್ರೆ ಯಾವತ್ತು ಓಗ್ಬೇಕು?"

ಈ ವರ್ಷದ ಸೀಟುಗಳು ತುಂಬಿವೆ, ಬರುವ ವರ್ಷದಿಂದ ಎಲ್ಲ ವಿಷಯವನ್ನೂ ಒಂದೇ ಕಾಲೇಜಿನಲ್ಲಿ ಓದಿದವರಿಗೆ ಮಾತ್ರ ಅವಕಾಶ ಎಂದು ಕೆಳಗೆ ಬರೆದಿತ್ತು. ಅದನ್ನು ಅವನು ಓದಿ ಹೇಳಲಿಲ್ಲ. ಅವಳು ಅವನ ಮುಖ ನೋಡಿದಳು. ಮತ್ತೆ ಹೊಲಕ್ಕೆ ನಡೆದಳು. ಆಮೇಲೆ ಬಂದ ಸಂಬಂಧಗಳು ಯಾವುವೂ ಅವಳಿಗೆ ಕೂಡಿಬರಲಿಲ್ಲ.

ಮರುವರ್ಷ ದೇವರಾಜು ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ ಸಿಡುಬಿನ ದಾಕು ಹಾಕುವ ಕೆಲಸಕ್ಕೆ ಸೇರಿದ. ಜಿನನಾಥಪುರದಲ್ಲೊಂದು ಮಧ್ಯಾಹ್ನ ಮಾದಮ್ಮ ಎಂಬ ಮುದುಕಿ, ಏದುಸಿರು ಬಿಡುತ್ತಿದ್ದ ಮೊಮ್ಮಗುವನ್ನು ತಂದು ಅವನ ಮಡಿಲಿಗೆ ಹಾಕಿದಳು.

"ಒಸಿ ನೋಡಪ್ಪ, ಡಾಕ್ಟ್ರೇ."

ಅವನು ಮಗುವಿನ ಎದೆಯ ಮೇಲೆ ಕೈಯಿಟ್ಟ.

"ನಾನು ದಾಕು ಹಾಕೋನು ಕಣಜ್ಜಿ. ಬಿರ್ರನೆ ಆಸ್ಪತ್ರೆಗೆ ಎತ್ಕಂಡೋಗು" ಎಂದು ತಾನೇ ಮಗುವನ್ನೆತ್ತಿಕೊಂಡು ಬಸ್ಸಿನವರೆಗೆ ಹೋಗಿ ಇಬ್ಬರನ್ನೂ ಹತ್ತಿಸಿದ.